ನಲವತ್ತು ಎಣಿಸುವಷ್ಟರಲ್ಲಿ

"ಕೇಳಿದ್ದಕ್ಕೆ ಮಾತ್ರ ಉತ್ತರ, ಅಜ್ಜಿ. ಮೊಮ್ಮಗಳ ಹೆಸರು ಕೇಳಿದ್ರೆ ಹೆಸರು ಹೇಳಿ, ಅಷ್ಟೇ. ಆ ಹೆಸರು ಯಾರಿಟ್ರು, ಯಾರಿಗೆ ಇಷ್ಟ ಆಗ್ಲಿಲ್ಲ, ಯಾರು ಮುನಿಸಿಕೊಂಡು ಎದ್ದು ಹೋದ್ರು, ಅದೆಲ್ಲ ಬೇಡ."

"ಎದ್ದು ಹೋದೋರು ನಮ್ಮ ಬೀಗರು, ತಾಯಿ. ಅದನ್ನ ಹೇಳ್ದೇ ಇದ್ರೆ ಮುಂದಿನ ಕಥೆ ಅರ್ಥವೇ ಆಗಲ್ವಲ್ಲ."

"ಕಥೆ ಬೇಡ. ಹೆಸರು ಸಾಕು."

ಮೂಲೆಯ ಮೇಜಿನಲ್ಲಿ ಕಡತಕ್ಕೆ ದಾರ ಪೋಣಿಸುತ್ತಿದ್ದ ಗುಮಾಸ್ತರು ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಲಾಯರಮ್ಮ ತಮ್ಮ ಕುರ್ಚಿಯನ್ನು ನ್ಯಾಯಾಧೀಶರ ಪೀಠವೆಂದುಕೊಂಡು, ಎದುರಿನ ಕುರ್ಚಿಯನ್ನು ಸಾಕ್ಷಿಕಟ್ಟೆ ಮಾಡಿ, ಆ ಮುದುಕಿಯನ್ನು ಅದರಲ್ಲಿ ಕೂರಿಸಿಕೊಂಡು ಇದು ಮೂರನೆಯ ಮಧ್ಯಾಹ್ನ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವ ಅಜ್ಜಿಗೆ ಅರವತ್ತೇಳು ವರ್ಷ. ಮಗಳು ತೀರಿಕೊಂಡ ಮೇಲೆ ಆರು ವರ್ಷದ ಮೊಮ್ಮಗಳು ಅವರ ಹತ್ತಿರವೇ ಬೆಳೆಯುತ್ತಿತ್ತು. ಒಂದು ದಿನ ಮಕ್ಕಳ ಇಲಾಖೆಯ ಅಧಿಕಾರಿಯೊಬ್ಬರು ಆಸ್ಪತ್ರೆಗೆ ಬಂದಾಗ ಆ ಮಗು ಇಸ್ತ್ರಿ ಕೋಣೆಯಲ್ಲಿ, ಹೊದಿಕೆಗಳ ಬುಟ್ಟಿಯೊಳಗೆ ಒಂಟಿಯಾಗಿ ಕೂತಿತ್ತು. ಅಧಿಕಾರಿ ನಾಲ್ಕು ಪುಟ ವರದಿ ಬರೆದರು. ಮಗುವನ್ನು ಬೇರೆ ಊರಿನ ಅನಾಥಾಲಯಕ್ಕೆ ಸೇರಿಸಬೇಕೆಂಬುದು ಆ ವರದಿಯ ಕೊನೆಯ ಸಾಲು. ಅದಕ್ಕೆ ನಾಳೆ ವಿಚಾರಣೆ.

ಲಾಯರಮ್ಮ ಎಂದರೆ ಸಾಮಾನ್ಯ ಆಸಾಮಿಯಲ್ಲ. ಇಪ್ಪತ್ತಾರು ವರ್ಷಗಳಿಂದ ಸಿಮೆಂಟ್ ಕಂಪನಿ, ಹಡಗು ಕಂಪನಿ, ಬ್ಯಾಂಕುಗಳ ಪರವಾಗಿ ವಾದಿಸುತ್ತ ಬಂದವರು. ಎದುರಾಳಿಯ ಸಾಕ್ಷಿಯ ಮಾತನ್ನು ತುಂಡು ತುಂಡು ಮಾಡಿ ಅವನ ಕೈಗೇ ಕೊಡುವ ಅವರ ಚಾಳಿಯಿಂದಾಗಿ ಕೋರ್ಟಿನ ಪಡಸಾಲೆಯಲ್ಲಿ ಅವರಿಗೆ 'ಕತ್ತರಿ' ಎಂಬ ಹೆಸರು ಬಿದ್ದಿತ್ತು. ಈ ಕತ್ತರಿ ಪ್ರತಿ ಬುಧವಾರ ಕಂಪನಿಗಳ ಕೈಗೆ ಸಿಗುತ್ತಿರಲಿಲ್ಲ. ಅಂದು ಆಫೀಸಿನ ಬಾಗಿಲು ಫೀಸು ಕೊಡಲಾಗದವರಿಗೆ. ಒಮ್ಮೆ ಬುಧವಾರ ಒಬ್ಬ ಕಂಪನಿ ಅಧ್ಯಕ್ಷರು ಏಳು ಸಲ ಫೋನ್ ಮಾಡಿದಾಗ, "ಸತ್ತು ಹೋಗಿದ್ದಾರೆ ಅನ್ನಿ, ನಾಳೆ ಹತ್ತು ಗಂಟೆಗೆ ಎದ್ದು ಬರ್ತಾರಂತೆ ಅನ್ನಿ" ಎಂದಿದ್ದರು. ಗುಮಾಸ್ತರು ಅದನ್ನೇ ಗಂಭೀರವಾಗಿ ಅಧ್ಯಕ್ಷರಿಗೆ ಹೇಳಿಯೂಬಿಟ್ಟಿದ್ದರು.

ಇಂಥವರ ಜೊತೆ ಇಪ್ಪತ್ತೆರಡು ವರ್ಷ ಸವೆಸಿದ ಗುಮಾಸ್ತರಿಗೆ ಬುಧವಾರದ ಕೇಸುಗಳ ಬಗ್ಗೆ ಮೊದಮೊದಲು ಒಳಗೊಳಗೇ ಅಸಮಾಧಾನವಿತ್ತು. ದೊಡ್ಡವರ ಶೋಕಿ ಅಂದುಕೊಂಡಿದ್ದರು. ಬರಬರುತ್ತಾ ಆ ಮಾತು ಬಾಯಿಗೆ ಬರುವುದು ನಿಂತಿತು. ನಾಲ್ಕು ಸಾವಿರ ಪುಟದ ಕಂಪನಿ ಕಡತಕ್ಕೆ ಹಚ್ಚುವ ಬಣ್ಣದ ಚೀಟಿಗಳನ್ನೇ ಲಾಯರಮ್ಮ ಈ ನಾಲ್ಕು ಪುಟದ ವರದಿಗೂ ಹಚ್ಚಿದ್ದರು. ಸಾಲದ್ದಕ್ಕೆ ಆಸ್ಪತ್ರೆಗೆ ಹೋಗಿ, ಆ ಉಗಿ ತುಂಬಿದ ಕೋಣೆಯಲ್ಲಿ ಕರಿ ಕೋಟು ಹಾಕಿಕೊಂಡೇ ಇಸ್ತ್ರಿ ಮೇಜಿನಿಂದ ಬುಟ್ಟಿಯವರೆಗೆ ಹೆಜ್ಜೆ ಅಳೆದು ಬಂದಿದ್ದರು. ಒಂಬತ್ತು ಹೆಜ್ಜೆ. ಬೆವರು ಒರೆಸಿಕೊಳ್ಳುತ್ತಾ ಅದನ್ನು ಬರೆದುಕೊಳ್ಳುತ್ತಿದ್ದ ಅವರನ್ನು ನೋಡಿ, ಈ ಹೆಂಗಸು ಯಾವ ಮಣ್ಣಿನಲ್ಲಿ ಹುಟ್ಟಿದ್ದಪ್ಪಾ ಎಂದು ಗುಮಾಸ್ತರು ಬೆರಗಾಗಿದ್ದರು.

"ಎಲ್ಲಾ ಪ್ರಶ್ನೆಗೂ ನಿಮ್ಮ ಹತ್ರ ಮೂರೇ ಉತ್ತರ," ಎಂದರು ಲಾಯರಮ್ಮ ಈಗ, ಮೂರು ಬೆರಳು ಎತ್ತಿ. "ಹೌದು. ಇಲ್ಲ. ನೂರಕ್ಕೆ ನೂರು ಗೊತ್ತಿಲ್ಲ ಅಂದ್ರೆ, ಖಚಿತ ಮಾಹಿತಿ ಇಲ್ಲ. ಒಂದು ಮಾತು ಹೆಚ್ಚಾಡಿದ್ರೆ ಎದುರಿನ ವಕೀಲರು ಅದನ್ನೇ ಹಿಡ್ಕೊಂಡು ಎಳೀತಾರೆ."

ಈ ಮೂರು ಉತ್ತರಗಳಿಂದ ಅವರು ಎಷ್ಟೋ ಕಂಪನಿ ನಿರ್ದೇಶಕರನ್ನು ದಡ ಸೇರಿಸಿದ್ದರು. ಅಜ್ಜಿ ಕಣ್ಣು ಮುಚ್ಚಿ ಮೂರನ್ನೂ ಬಾಯಿಪಾಠ ಮಾಡಿದರು. ಸಂಜೆಯ ಹೊತ್ತಿಗೆ ಎಂಥ ಓರೆ ಪ್ರಶ್ನೆ ಹಾಕಿದರೂ ಒಂದಕ್ಷರ ಹೆಚ್ಚು ಆಡುತ್ತಿರಲಿಲ್ಲ.

"ಶಹಭಾಸ್!" ಎಂದರು ಲಾಯರಮ್ಮ. "ನಮ್ಮ ನಿರ್ದೇಶಕರುಗಳಿಗೆ ಇದನ್ನ ಕಲಿಸೋಕೆ ತಿಂಗಳು ಬೇಕು."

ಅಜ್ಜಿ ನಾಚಿಕೊಂಡು ನಕ್ಕರು.

ಮರುದಿನ ಬೆಳಗ್ಗೆ ಕೋರ್ಟಿನ ಆ ಪುಟ್ಟ ಕೋಣೆಯಲ್ಲಿ ಜನ ಹೆಚ್ಚಿರಲಿಲ್ಲ. ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ರಟ್ಟು ಅಂಟಿಸಿದ್ದರು. ಮಗುವನ್ನು ಇಲಾಖೆಯ ಹೆಂಗಸೊಬ್ಬರು ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡಿದ್ದರು. ಕೊನೆಯ ಸಾಲಿನಲ್ಲಿ ಸಿಮೆಂಟ್ ಕಂಪನಿಯ ಹಿರಿಯ ಅಧಿಕಾರಿ ಬಂದು ಕೂತಿದ್ದರು. ಅವರ ಕಂಪನಿಯ ದೊಡ್ಡ ಕೇಸು ಹನ್ನೆರಡಕ್ಕೆ ಮೇಲಿನ ಮಹಡಿಯಲ್ಲಿ. ಲಾಯರಮ್ಮ ತಡಮಾಡಿಯಾರೆಂಬ ಭಯಕ್ಕೆ ಕಾವಲು ಕಾಯಲು ಬಂದಂತಿತ್ತು. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಇಲಾಖೆಯ ಪರ ವಕೀಲರು ನೆಗಡಿಯಾಗಿದ್ದ, ಸಣಕಲು ಮೈಯ ಹಿರಿಯರು. ಮೂಗು ಒರೆಸಿಕೊಂಡು ಎದ್ದರು.

"ಮಗೂನ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗಿದ್ರಾ?"

"ಹೌದು."

"ಎಷ್ಟು ಹೊತ್ತು?"

"ಖಚಿತ ಮಾಹಿತಿ ಇಲ್ಲ."

ವಕೀಲರು ಇನ್ನೂ ಹತ್ತು ಪ್ರಶ್ನೆ ಕೇಳಿದರು. ಅಜ್ಜಿ ಎಲ್ಲೂ ಸಿಕ್ಕಿಬೀಳಲಿಲ್ಲ. ಲಾಯರಮ್ಮನ ಮುಖದಲ್ಲಿ ತೃಪ್ತಿ ಕಾಣುತ್ತಿತ್ತು. ಆಗ ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು, ಮುಂದಕ್ಕೆ ಬಾಗಿ, ಮನೆಯಲ್ಲಿ ಮಾತಾಡಿಸುವವರ ಹಾಗೆ ಕೇಳಿದರು.

"ಅಜ್ಜಿ, ಮಗೂಗೆ ಏನು ತಿನ್ನೋದು ಇಷ್ಟ?"

ಅಜ್ಜಿ ಯೋಚಿಸಿದರು. ಸೋಮವಾರ ಮೊಟ್ಟೆ ಬೇಕೆಂದು ಅತ್ತವಳು ಮಂಗಳವಾರ ಅದೇ ಮೊಟ್ಟೆಯನ್ನು ತಟ್ಟೆಯಿಂದ ಆಚೆ ತಳ್ಳಿದ್ದಳು. ನೂರಕ್ಕೆ ನೂರು ಹೇಳುವುದು ಹೇಗೆ?

"ಖಚಿತ ಮಾಹಿತಿ ಇಲ್ಲ, ಸ್ವಾಮಿ."

"ನಿದ್ದೇಲಿ ಎದ್ದು ಅತ್ರೆ ಹೇಗೆ ಸಮಾಧಾನ ಮಾಡ್ತೀರಿ?"

ಒಂದು ದಿನ ನೀರು, ಒಂದು ದಿನ ಬೆನ್ನು ನೇವರಿಸುವುದು, ಒಂದೊಂದು ದಿನ ಏನು ಮಾಡಿದರೂ ಇಲ್ಲ. "ಖಚಿತ ಮಾಹಿತಿ ಇಲ್ಲ."

"ಹೋಗ್ಲಿ, ಅವಳಿಗೆ ನಿಮ್ಮ ಹತ್ರ ಇರೋಕೆ ಆಸೆ ಇದೆಯಾ?"

ಅಜ್ಜಿ ಲಾಯರಮ್ಮನ ಕಡೆ ಒಮ್ಮೆ ನೋಡಿದರು, ಸರಿಯಾಗಿ ಹೇಳುತ್ತಿದ್ದೇನಲ್ಲಾ ಎಂಬಂತೆ. "ಅದು ಅವಳ ಮನಸ್ಸಿನ ವಿಷಯ, ಸ್ವಾಮಿ. ನನಗೆ ಖಚಿತ ಮಾಹಿತಿ ಇಲ್ಲ."

ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಗುಮಾಸ್ತರು ಆ ಪೆನ್ನನ್ನೇ ನೋಡುತ್ತಾ ಕೂತರು. ಅವರು ಎಷ್ಟೋ ನ್ಯಾಯಾಧೀಶರು ಬರೆಯುವುದನ್ನು ನೋಡಿದ್ದವರು. ಪರವಾಗಿ ಬರೆಯುವಾಗ ನಡುನಡುವೆ ತಲೆ ಎತ್ತುತ್ತಾರೆ. ವಿರುದ್ಧ ಬರೆಯುವಾಗ ಎತ್ತುವುದಿಲ್ಲ. ಇವರು ತಲೆ ಎತ್ತಲೇ ಇಲ್ಲ.

ಲಾಯರಮ್ಮ ಎದ್ದು ನಿಂತರು. "ಅಜ್ಜಿ, ಮಗೂನ ನೀವು ಹೇಗೆ ನೋಡ್ಕೊಳ್ತೀರಿ ಅಂತ ಸ್ವಲ್ಪ ಬಿಡಿಸಿ ಹೇಳಿ."

"ತಕರಾರಿದೆ, ಸ್ವಾಮಿ," ಎಂದರು ನೆಗಡಿಯ ವಕೀಲರು. "ಸಾಕ್ಷಿ ಇವೇ ಪ್ರಶ್ನೆಗಳಿಗೆ ಉತ್ತರ ಕೊಟ್ಟಾಗಿದೆ. ಈಗ ಹೊಸದಾಗಿ ಹೇಳಿಕೊಡೋದು ಸರಿಯಲ್ಲ."

"ತಕರಾರು ಸರಿಯಾಗಿದೆ," ಎಂದರು ನ್ಯಾಯಾಧೀಶರು, ಬರೆಯುತ್ತಲೇ.

ಇಂಥ ಕಡೆ ಯಾವ ವಕೀಲರಾದರೂ ಕೂತುಬಿಡುತ್ತಾರೆ. ಮೇಲಿನ ಕೋರ್ಟಿದೆ, ಇನ್ನೊಂದು ದಾರಿಯಿದೆ ಎಂದು ಕಕ್ಷಿದಾರರಿಗೆ ಸಮಾಧಾನ ಹೇಳುತ್ತಾರೆ. ಲಾಯರಮ್ಮ ಕೂರಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಊರಿಕೊಂಡು ನಿಂತೇ ಇದ್ದರು. ಅವರ ಕಿವಿ ಕೆಂಪಾದದ್ದನ್ನು ಗುಮಾಸ್ತರು ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನೋಡಿದರು.

"ಮಹಾಸ್ವಾಮಿ, ಈಗ ನೀವು ಬರ್ಕೊಳ್ತಾ ಇರೋ ಉತ್ತರಗಳು ಸಾಕ್ಷಿಯವಲ್ಲ. ನನ್ನವು."

ಪೆನ್ನು ನಿಂತಿತು.

"ಕಂಪನಿ ನಿರ್ದೇಶಕರಿಗೆ ಹೇಳಿಕೊಡೋ ಪಾಠ ಇದು. ಪೂರ್ತಿ ಗೊತ್ತಿಲ್ಲದೇ ಇದ್ರೆ ಬಾಯಿ ಬಿಡಬೇಡಿ ಅಂತ. ಅದನ್ನೇ ಮೂರು ದಿನ ಈ ಅಜ್ಜಿಗೆ ಅರೆದು ಕುಡಿಸಿದೆ. ಮಗು ಸಾಕೋದರಲ್ಲಿ ಯಾವುದು ತಾನೇ ಪೂರ್ತಿ ಗೊತ್ತಿರುತ್ತೆ, ಸ್ವಾಮಿ? ಇಪ್ಪತ್ತಾರು ವರ್ಷದ ಅನುಭವ ಅಂತ ಬೀಗಿದ್ದೆ, ಇಷ್ಟು ಹೊಳೀಲಿಲ್ಲ. ತಪ್ಪು ನನ್ನದು. ಅದಕ್ಕೆ ಮಗು ಶಿಕ್ಷೆ ಅನುಭವಿಸಬಾರದು."

"ನೀವು ಹೇಳಿದ್ದನ್ನ ದಾಖಲೆಯಲ್ಲಿ ಬರ್ಕೊಳ್ಬೇಕಾಗುತ್ತೆ," ಎಂದರು ನ್ಯಾಯಾಧೀಶರು ಮೆಲ್ಲಗೆ.

"ಬರ್ಕೊಳ್ಳಿ, ಸ್ವಾಮಿ. ನನ್ನ ಹೆಸರು ಹಾಕಿಯೇ ಬರ್ಕೊಳ್ಳಿ."

ದಾಖಲೆಗೆ ಹೋಯಿತೆಂದರೆ ಮುಗಿಯಿತು. ನಾಳೆಯಿಂದ ಯಾವ ಎದುರಾಳಿ ಬೇಕಾದರೂ ಆ ಹಾಳೆಯನ್ನು ಮುಖಕ್ಕೆ ಹಿಡಿದು, ನಿಮ್ಮ ಸಾಕ್ಷಿಗಳಿಗೆ ನೀವೇ ಪಾಠ ಹೇಳುವವರಲ್ಲವೇ ಎಂದು ಕೇಳಬಹುದು. ಅದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು? ಹಿಂದಿನ ಸಾಲಿನಲ್ಲಿ ಸಿಮೆಂಟ್ ಕಂಪನಿಯವರು ಗಡಿಯಾರ ನೋಡುವುದನ್ನು ಮರೆತು ಬಾಯಿ ತೆರೆದುಕೊಂಡು ಕೂತಿದ್ದರು. ಈಕೆ ಗೆದ್ದ ಕೇಸುಗಳ ಕಡತಗಳನ್ನು ಕಪಾಟುಗಟ್ಟಲೆ ಜೋಡಿಸಿಟ್ಟವರು ಗುಮಾಸ್ತರೇ. ಆದರೆ ಆಕೆ ಇಷ್ಟು ಎತ್ತರದ ಮನುಷ್ಯಳೆಂದು ಅವರಿಗೆ ಇವತ್ತಿನವರೆಗೆ ತಿಳಿದಿರಲಿಲ್ಲ.

ನ್ಯಾಯಾಧೀಶರು ನೆಗಡಿಯ ವಕೀಲರ ಕಡೆ ನೋಡಿದರು. ಅವರು ಕರವಸ್ತ್ರವನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ನನ್ನ ತಕರಾರು ವಾಪಸ್ ತಗೋತೀನಿ, ಸ್ವಾಮಿ."

"ಅಜ್ಜಿ," ಎಂದರು ಲಾಯರಮ್ಮ, "ಆ ಮೂರು ಉತ್ತರ ಮರೆತುಬಿಡಿ. ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ."

"ಎಲ್ಲಾ ಹೇಳ್ಬಹುದಾ?"

"ಎಲ್ಲಾ."

"ಬೀಗರು ಎದ್ದು ಹೋಗಿದ್ದೂ?"

"ಅದನ್ನೂ ಹೇಳಿ," ಎಂದರು ನ್ಯಾಯಾಧೀಶರೇ.

ಅಜ್ಜಿ ಹೇಳಿದರು. ಬೀಗರಿಂದ ಶುರುಮಾಡಿ ಮಗಳ ಕಾಯಿಲೆಗೆ ಬಂದರು. ಅಲ್ಲಿಂದ ಮೊಮ್ಮಗಳ ಮುರಿದ ಹಲ್ಲಿಗೆ, ಪಕ್ಕದ ಮನೆಯ ಬೆಕ್ಕಿಗೆ, ಶಾಲೆ ಮಧ್ಯಾಹ್ನವೇ ಬಿಡುವುದರಿಂದ ಆಗುವ ಪೇಚಾಟಕ್ಕೆ. ಯಾರೂ ತಡೆಯಲಿಲ್ಲ. ಕೊನೆಗೆ ಬುಟ್ಟಿಯ ವಿಷಯ ತಾನಾಗಿಯೇ ಬಂತು.

"ನೆಲದಲ್ಲಿ ಬಿಸಿ ಕೊಳವೆ ಇರುತ್ತೆ, ಸ್ವಾಮಿ, ಕಾಲು ಸುಟ್ಟೀತು ಅಂತ ಬುಟ್ಟೀಲಿ ಕೂರಿಸ್ತೀನಿ. ನನ್ನ ಮೇಜಿಂದ ಕಾಣೋದು ಅದೊಂದೇ ಜಾಗ. ಮಹಡಿ ಮೇಲಕ್ಕೆ ಹೊದಿಕೆ ಕೊಟ್ಟು ಬರೋಕೆ ಹೋಗ್ಲೇಬೇಕಲ್ಲ? ಅವಳಿಗೆ ನಲವತ್ತರವರೆಗೆ ಮಾತ್ರ ಎಣಿಸೋಕೆ ಬರುತ್ತೆ. ನಲವತ್ತು ಮುಗಿಯೋದರೊಳಗೆ ಅಜ್ಜಿ ವಾಪಸ್ ಬಂದಿರ್ಬೇಕು ಅಂತ ನಮ್ಮಿಬ್ಬರಲ್ಲಿ ಮಾತಾಗಿದೆ. ನಾನು ಮೆಟ್ಟಿಲು ಹತ್ತೋವಾಗ ಅವಳ ಧ್ವನಿ ಕೇಳ್ತಿರುತ್ತೆ. ಒಂದು, ಎರಡು ಅಂತ."

ಅಜ್ಜಿ ಮೊಣಕಾಲನ್ನು ಒಮ್ಮೆ ನೀವಿಕೊಂಡರು.

"ನನ್ನ ಮೊಣಕಾಲು ಜಾಸ್ತಿ ನೋಯೋ ದಿನ ನಿಧಾನಕ್ಕೆ ಎಣಿಸ್ತಾಳೆ, ಸ್ವಾಮಿ. ಹಾಗೆ ಮಾಡು ಅಂತ ನಾನು ಹೇಳಿಕೊಟ್ಟಿಲ್ಲ."

ನ್ಯಾಯಾಧೀಶರು ತಾವು ಬರೆದಿದ್ದ ಹಾಳೆಯನ್ನು ಉದ್ದಕ್ಕೆ ಹೊಡೆದುಹಾಕಿ ಇನ್ನೊಂದು ಹಾಳೆ ತೆಗೆದುಕೊಂಡರು. ಈ ಸಲ ಬರೆಯುವಾಗ ಎರಡು ಸಲ ತಲೆ ಎತ್ತಿ ಅಜ್ಜಿಯನ್ನು ನೋಡಿದರು. ಮಗು ಅಜ್ಜಿಯ ಹತ್ತಿರವೇ ಇರತಕ್ಕದ್ದು; ಇಲಾಖೆಯವರು ಮೂರು ತಿಂಗಳಿಗೊಮ್ಮೆ ಹೋಗಿ ನೋಡತಕ್ಕದ್ದು; ಆಸ್ಪತ್ರೆಯವರು ಮಗುವಿಗೆ ಕೊಳವೆಗಳಿಲ್ಲದ ಒಂದು ಕೋಣೆ ತೋರಿಸತಕ್ಕದ್ದು. ಓದಿ ಮುಗಿಸಿ ಎದ್ದು ಒಳಗೆ ಹೋದರು.

"ಏನಂದ್ರು, ತಾಯಿ?" ಎಂದು ಅಜ್ಜಿ ಕೇಳಿದರು.

ಲಾಯರಮ್ಮ ಅಜ್ಜಿಯ ಕೈ ಹಿಡಿದು ಬಾಗಿಲಿನ ಕಡೆ ಕರೆದುಕೊಂಡು ಹೋದರು.

ಹೊರಗೆ ಬೆಂಚಿನ ಮೇಲೆ ಮಗು ಕಾಲು ಮಡಚಿ ನಿದ್ದೆಹೋಗಿತ್ತು. ಬೂಟುಗಳೆರಡೂ ಕೆಳಗೆ ಬಿದ್ದಿದ್ದವು. "ಕರ್ಕೊಂಡು ಹೋಗಿ, ಅಜ್ಜಿ," ಎಂದರು ಇಲಾಖೆಯ ಹೆಂಗಸು, ಎದ್ದು ಜಾಗ ಬಿಟ್ಟು. ಅಜ್ಜಿ ಒಂದು ಕೈಯಿಂದ ಗೋಡೆ ಹಿಡಿದು ಬೂಟಿಗೆ ಬಗ್ಗಲು ನೋಡಿದರು. ಮೊಣಕಾಲು ಒಪ್ಪಲಿಲ್ಲ.

"ಮೇಡಂ, ಹನ್ನೆರಡಾಗ್ತಾ ಬಂತು," ಎಂದರು ಹಿಂದೆಯೇ ಬಂದ ಸಿಮೆಂಟ್ ಕಂಪನಿಯವರು.

"ಬಂದೆ," ಎಂದ ಲಾಯರಮ್ಮ ಕರಿ ಕೋಟಿನ ಅಂಚನ್ನು ಮೇಲಕ್ಕೆಳೆದುಕೊಂಡು ಜನ ಓಡಾಡುವ ಆ ನೆಲದ ಮೇಲೆಯೇ ಕೂತರು. ಮಗುವಿನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ಏರಿಸಿದರು. ಪಟ್ಟಿಯನ್ನು ಕೊಂಡಿಗೆ ಸಿಕ್ಕಿಸಲು ಮೂರು ಸಲ ಒದ್ದಾಡಿ, ನಾಲ್ಕನೆಯ ಸಲ ಸಿಕ್ಕಿಸಿದರು. ಮಗು ಒಂದು ಕಣ್ಣು ತೆರೆಯಿತು.

"ಅದು ಆ ಕಾಲಿಂದು," ಎಂದಿತು.

"ಹೌದಾ?" ಎಂದರು ಲಾಯರಮ್ಮ. ಕೊಂಡಿ ಬಿಚ್ಚಿ, ಬೂಟು ತೆಗೆದು, ಇನ್ನೊಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಿಂದ ಶುರುಮಾಡಿದರು. ಅಜ್ಜಿ, ಗುಮಾಸ್ತರು, ಸಿಮೆಂಟ್ ಕಂಪನಿಯವರು ಸುತ್ತ ನಿಂತು ಕಾದರು.