ಬಾನಿನ ವೇಷ ಹಾಕಿದ ಬಟ್ಟೆ

ಎಳೆದರೆ ಹಿಗ್ಗುತ್ತೇನೆ, ಬಿಟ್ಟರೆ ಕುಗ್ಗುತ್ತೇನೆ. ನಾನೊಂದು ಕಪ್ಪು ಲೈಕ್ರಾ ಬಟ್ಟೆ. ಹುಟ್ಟಿದ್ದು ತಿರುಪ್ಪೂರಿನ ಗಿರಣಿಯಲ್ಲಿ. ಎಲ್ಲಿ ಹರಿದುಹೋಗುತ್ತೇನೋ ಎಂಬ ಅಂಜಿಕೆ ಹುಟ್ಟಿನ ಜೊತೆಗೇ ಬಂತು. ವಿಜಯಪುರದ ದರ್ಜಿ ಮೈನುದ್ದೀನರು ನನ್ನ ಒಡಹುಟ್ಟಿದವರನ್ನೆಲ್ಲ ಕತ್ತರಿಸಿ ಸೈಕಲ್ ರೇಸಿನವರಿಗೆ ಚಡ್ಡಿ ಹೊಲಿದರು. ಕತ್ತರಿ ಸದ್ದು ಕೇಳಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಉಳಿದದ್ದು ನಾನೊಂದೇ.

ನನ್ನನ್ನು ಕೊಂಡವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕಂಬಿ ಸರ್. ಹಳೆಯ ಚಕ್ಕಡಿ ಗಾಲಿಯ ದುಂಡನೆಯ ಕಬ್ಬಿಣದ ಹಳಿಗೆ ನನ್ನನ್ನು ಬಿಗಿದು, ನಡುವೆ ಗುಂಡೆಸೆತದ ಗುಂಡು ಇಟ್ಟರು. ನಾನು ತಗ್ಗಾದೆ. ತಗ್ಗಿನ ಅಂಚಿನಲ್ಲಿ ಗೋಲಿ ಉರುಳಿಸಿದರೆ ಅದರ ದಾರಿ ಬಾಗಿತು.

“ಗುಂಡು ಅಂದ್ರ ಸೂರ್ಯ, ಗೋಲಿ ಅಂದ್ರ ನಕ್ಷತ್ರದ ಬೆಳಕು. ಭಾರ ಇದ್ದಲ್ಲಿ ಬೆಳಕೂ ಬಾಗ್ತೈತಿ,” ಎಂದರು ಸರ್. ಅಂದರೆ ನಾನು ಬಾನು! ಚಡ್ಡಿಯಾಗಬೇಕಿದ್ದ ಚೂರಿಗೆ ಇದಕ್ಕಿಂತ ದೊಡ್ಡ ಬಡ್ತಿ ಬೇಕೆ? ಆದರೂ ಗುಂಡು ಇಳಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದೆ.

ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಸೂರ್ಯನೂ ಓಡಾಕತ್ತಿದ್ರ?”

ಸರ್ ಗುಂಡಿಗೆ ದಾರ ಕಟ್ಟಿ, ಗೋಲಿ ಹೋಗುವ ದಿಕ್ಕಿಗೇ ಎಳೆದರು. ಗೋಲಿ ಮೊದಲಿಗಿಂತ ಹೆಚ್ಚು ಬಾಗಿತು. ಎದುರು ದಿಕ್ಕಿಗೆ ಎಳೆದಾಗ ಕಡಿಮೆ ಬಾಗಿತು. “ಜೊತಿಗೆ ಓಡಿದ್ರ ಸೂರ್ಯ ಬೆಳಕನ್ನ ಜಾಸ್ತಿ ಹೊತ್ತು ಜಗ್ತಾನ, ನೋಡ್ರಿ,” ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಹಿಗ್ಗಿದೆ.

ಆ ಹಿಗ್ಗು ಇಳಿಸಿದವರು ಹೊಸದಾಗಿ ಬಂದ ಉಪನ್ಯಾಸಕಿ ನಸೀಮಾ. “ಸರ್, ಲೆಕ್ಕ ಉಲ್ಟಾ ಬರ್ತೈತ್ರಿ. ಜೊತಿಗೆ ಓಡೋ ಸೂರ್ಯನ ಮ್ಯಾಲೆ ಕುಂತು ನೋಡಿದ್ರ, ಹಿಂದಿನಿಂದ ಬರೋ ಬೆಳಕಿನ ಶಕ್ತಿ ತಗ್ಗಿರ್ತೈತಿ. ಅದಕ್ಕ ಅದು ಬಾಗೋದೂ ಒಂಚೂರು ತಗ್ತೈತಿ. ಸೂರ್ಯ ಎದುರಿಗೆ ಬಂದ್ರ ಹೆಚ್ತೈತಿ.”

“ನಾ ಕಣ್ಣಾರೆ ಕಂಡೀನವಾ.”

“ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರಲ್ರಿ.”

ಸರ್ ನನ್ನನ್ನು ಮಡಚಿಟ್ಟರು. ಮಡಿಕೆಯೊಳಗೆ ನನಗೆ ಸಂಕಟ ಶುರುವಾಯಿತು. ನಿವೃತ್ತಿಗೆ ಮುಂಚೆ ಸರ್ ಜಿಲ್ಲೆಯ ವಿಜ್ಞಾನ ಶಿಕ್ಷಕರೆದುರು ಇದೇ ಪ್ರಯೋಗ ತೋರಿಸುವವರಿದ್ದರು. ಅಲ್ಲಿ ಕಂಡದ್ದನ್ನು ಶಿಕ್ಷಕರು ತಮ್ಮ ತಮ್ಮ ಶಾಲೆಗೆ ಒಯ್ಯುತ್ತಾರೆ. ನನ್ನ ಸುಳ್ಳು ಊರೂರು ತಿರುಗುತ್ತದೆ. ನಿಜ, ಬೇಕೆಂದೇ ಹೇಳಿದ ಸುಳ್ಳಲ್ಲ. ಆದರೆ ಬಾಯಿಲ್ಲದ ನಾನು ತಡೆಯುವುದಾದರೂ ಹೇಗೆ?

ಒಂದು ಭಾನುವಾರ ಸರ್ ಊಟ ಮರೆತು ಹಾಳೆಯ ಮೇಲೆ ಹಾಳೆ ಗೀಚಿದರು. ಏನು ತಿಳಿಯಿತೆಂದು ಯಾರಿಗೂ ಹೇಳಲಿಲ್ಲ. ಮರುದಿನ ಗುಂಡು, ದಾರ, ನನ್ನನ್ನು ಒಟ್ಟಿಗೆ ಚೀಲಕ್ಕೆ ತುರುಕಿದರು. ನನ್ನ ಕೊನೆಯ ಆಸೆಯೂ ಮಣ್ಣುಪಾಲಾಯಿತು.

ಸಭಾಂಗಣ ತುಂಬಿತ್ತು. ಸರ್ ಗುಂಡು ಎಳೆದರು, ಗೋಲಿ ಹೆಚ್ಚು ಬಾಗಿತು. ಶಿಕ್ಷಕರು ಮೊಬೈಲ್ ಎತ್ತಿ ಚಿತ್ರೀಕರಿಸಿಕೊಂಡರು. ನಸೀಮಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಹಿರಿಯರ ಮರ್ಯಾದೆ ಅವರ ಬಾಯಿ ಕಟ್ಟಿತ್ತು. ಆ ಕ್ಷಣ ನಡುವೆ ಹರಿದುಹೋದರೆ ಸಾಕು ಅನ್ನಿಸಿತು ನನಗೆ. ಜೀವನವಿಡೀ ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಬೇಡಿಕೊಂಡೆ.

“ಚಿತ್ರ ತಗೊಂಡ್ರಿ?” ಸರ್ ಕೇಳಿದರು. “ಈಗ ಅದನ್ನ ಅಳಿಸ್ರಿ. ನೀವು ಕಂಡದ್ದು ತಪ್ಪೈತಿ. ನಿಂತ ಸೂರ್ಯನ ಸುದ್ದಿ ಈ ಬಟ್ಟಿ ಒಂದಿಷ್ಟು ಹೇಳ್ತೈತಿ, ಓಡೋ ಸೂರ್ಯನದು ಇದಕ್ಕ ತಿಳಿಯಂಗಿಲ್ಲ. ನಸೀಮಾ ಹೇಳಿದ್ದ ಖರೆ, ನಾನೂ ಲೆಕ್ಕ ಮಾಡಿ ನೋಡೀನಿ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು: “ಹಂಗಾರ ಬಟ್ಟಿ ಸುಳ್ಳ ಹೇಳ್ತು ಅನ್ರಿ, ಸರ್.”

ನಾನು ಮುದುಡಿದೆ. ಸರ್ ನನ್ನ ಅಂಚನ್ನು ಮೆಲ್ಲಗೆ ಸವರಿದರು. “ಬಟ್ಟಿದೇನೂ ತಪ್ಪಿಲ್ರಿ. ಬಟ್ಟಿ ಬಟ್ಟಿ ಹಂಗ ಬಾಗೇತಿ. ಅದನ್ನ ಬಾನು ಅಂತ ನಂಬಿದಾವ ನಾನು. ಬಾರವಾ ನಸೀಮಾ, ಮುಂದಿಂದು ನೀ ಹೇಳು.”

ಈಗ ಪ್ರಯೋಗಾಲಯದ ಕಪಾಟಿನಲ್ಲಿದ್ದೇನೆ. ನಡುವೆ ಸಡಿಲಾಗಿದ್ದೇನೆ, ಬಣ್ಣವೂ ಮಾಸಿದೆ. ವರ್ಷಕ್ಕೊಮ್ಮೆ ನಸೀಮಾ ನನ್ನನ್ನು ಹಳಿಗೆ ಬಿಗಿದು, ಗುಂಡನ್ನು ಅಲುಗಿಸದೆ ಇಡುತ್ತಾರೆ. ಗೋಲಿ ಬಾಗುತ್ತದೆ, ಮಕ್ಕಳು ತಲೆಯಾಡಿಸುತ್ತಾರೆ. ಅವರು ತೀರಾ ಬೇಗ ತಲೆಯಾಡಿಸಿದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.