ಎರಡು ಸಾವಿರದ ಇಸವಿಯ ಆಮ್ಲೆಟ್

ಅರವತ್ತರ ದಶಕದ ಕೊನೆ. ಒಸಾಕಾದ ಒಂದು ಮೇಳದಲ್ಲಿ ನಮ್ಮ ಕಂಪನಿ 'ಎರಡು ಸಾವಿರದ ಇಸವಿಯ ಅಡುಗೆಮನೆ' ಅಂತ ಮಳಿಗೆ ಹಾಕಿತ್ತು. ಜನ ಸಾಲಾಗಿ ಬಂದು ಗೋಡೆಯ ಗುಂಡಿ ಒತ್ತುತ್ತಿದ್ದರು. ದೀಪಗಳು ಮಿನುಗಿ, ಒಳಗೆ ಏನೋ ಗುರ್ ಅಂದು, ಸಣ್ಣ ಕಿಂಡಿಯಿಂದ ಬಿಸಿಬಿಸಿ ಸುರುಳಿ ಆಮ್ಲೆಟ್ ಹೊರಬರುತ್ತಿತ್ತು. "ಅಯ್ಯೋ, ಇದು ಯಂತ್ರ ಮಾಡಿದ್ದಾ!" ಅಂತ ಹೆಂಗಸರು ಬಾಯಿ ಬಿಡುತ್ತಿದ್ದರು.

ಯಂತ್ರವೆಂದರೆ ನಾನೇ. ಗೋಡೆಯ ಹಿಂದೆ ಒಲೆ, ಚೌಕ ಬಾಣಲೆ, ಬುಟ್ಟಿ ತುಂಬ ಮೊಟ್ಟೆ ಇಟ್ಟುಕೊಂಡು ನಿಂತಿರುತ್ತಿದ್ದೆ.

ನಿಜವಾದ ಯಂತ್ರವೂ ಪಕ್ಕದಲ್ಲೇ ಇತ್ತು ಅನ್ನಿ. ಅದನ್ನು ಕಟ್ಟಿದ ಎಂಜಿನಿಯರ್ ಕುರಾಮೊಚಿ ದಿನವಿಡೀ ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡಿರುತ್ತಿದ್ದ. ಮೊಟ್ಟೆ ಒಡೆಯುವುದು ಅದಕ್ಕೆ ಬರುತ್ತಿತ್ತು. ಸುರುಳಿ ಸುತ್ತುವುದೇ ಬರುತ್ತಿರಲಿಲ್ಲ.

ಕಂಪನಿಯ ಅಧ್ಯಕ್ಷರು ಬರುವ ದಿನ ಮಳಿಗೆಯ ಮೇಲ್ವಿಚಾರಕ ಹೊರಿಗುಚಿ ಏದುಸಿರು ಬಿಡುತ್ತ ಒಳನುಗ್ಗಿದ. "ತೊಮೆ ಅಕ್ಕ, ಇವತ್ತು ನಿಮ್ಮ ಕೈಚಳಕ ತೋರಿಸಿ. ಚೆನ್ನಾಗಿ ಬಂತೋ, ಮುಂದಿನ ವರ್ಷವೇ ಮಾರಾಟ ಅಂತ ಅಧ್ಯಕ್ಷರು ಪತ್ರಿಕೆಯವರಿಗೆ ಹೇಳೋರಿದ್ದಾರೆ."

ಕುರಾಮೊಚಿ ತಟ್ಟನೆ ಎದ್ದ. "ಏನನ್ನ ಮಾರ್ತೀರಿ? ಅಕ್ಕನ್ನ ಪೆಟ್ಟಿಗೇಲಿ ಹಾಕಿ ಮನೆಮನೆಗೆ ಕಳಿಸ್ತೀರಾ?"

"ಸುಟ್ಟ ಮೊಟ್ಟೆ ಜನರ ಮನೇಲೇ ಇದೆ ಮಾರಾಯ. ಅದನ್ನ ನೋಡೋಕೆ ಯಾರು ಸಾಲು ನಿಲ್ತಾರೆ?"

ಹೊರಿಗುಚಿ ಅತ್ತ ಹೋದದ್ದೇ ಕುರಾಮೊಚಿ ನನ್ನತ್ತ ತಿರುಗಿದ. "ಅಕ್ಕ, ಇವತ್ತೊಂದು ದಿನ ಒಲೆ ಆರಿಸಿ. ಅವರು ನಿಜ ನೋಡ್ಲಿ. ನನ್ನ ವಿಭಾಗ ಮುಚ್ಚೋದಾದ್ರೆ ಮುಚ್ಚಲಿ."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಯೌವನವನ್ನೆಲ್ಲ ಆ ಪೆಟ್ಟಿಗೆಗೆ ಸುರಿದವನು. ಮುಚ್ಚಿಬಿಟ್ಟರೆ ಅವನಿಗೆ ಉಳಿಯುವುದೇನು? ಅಷ್ಟರಲ್ಲಿ ಗಂಟೆ ಬಡಿಯಿತು. ಅಧ್ಯಕ್ಷರು ಗುಂಡಿ ಒತ್ತಿದ್ದರು. ಕೈ ತಾನಾಗಿ ಬಾಣಲೆಗೆ ಹೋಯಿತು. ಅವನ ಮುಖ ನೋಡಿದೆ. ಒಲೆ ಆರಿಸಿದೆ.

ಯಂತ್ರ ಒದ್ದಾಡಿತು. ಒಂದು ಬದಿ ಕಪ್ಪು, ಇನ್ನೊಂದು ಬದಿ ಹಸಿ, ಹರಿದ ಚಾಪೆಯಂಥದ್ದೊಂದು ಕಿಂಡಿಯಿಂದ ಜಾರಿತು. ಆಮೇಲೆ ಅಧ್ಯಕ್ಷರೇ ತಟ್ಟೆ ಹಿಡಿದು ಹಿಂಬಾಗಿಲಿಂದ ಬಂದರು. ನನ್ನನ್ನೂ ಮೊಟ್ಟೆ ಬುಟ್ಟಿಯನ್ನೂ ನೋಡಿ ನಕ್ಕುಬಿಟ್ಟರು.

"ಓಹೋ, ಎರಡು ಸಾವಿರದ ಇಸವಿ ಇಲ್ಲಿ ಏಪ್ರನ್ ಕಟ್ಕೊಂಡು ನಿಂತಿದೆ! ಇದು ಸರಿಹೋಗೋಕೆ ಎಷ್ಟು ವರ್ಷನಪ್ಪ, ಕುರಾಮೊಚಿ?"

"ಹನ್ನೆರಡು."

"ಅಲ್ಲೀತನಕ ನಾನು ಬದುಕಿರಬೇಡ್ವಾ? ಎರಡು."

"ಹತ್ತು, ಸರ್."

ತೆನ್ಮಾ ಮಾರುಕಟ್ಟೆಯಲ್ಲಿ ಮೀನಿಗೆ ಚೌಕಾಸಿ ಮಾಡಿದ ಹಾಗೆ ಇಬ್ಬರೂ ಎಳೆದಾಡಿದರು. ಕೊನೆಗೆ ಅಧ್ಯಕ್ಷರ ನಗು ನಿಂತಿತು. "ಮೂರು ಅಂದ್ರೆ ನಿನ್ನ ವಿಭಾಗ ಉಳಿಯುತ್ತೆ. ಇಲ್ಲಾಂದ್ರೆ ಇವತ್ತೇ ಬೀಗ."

ಕುರಾಮೊಚಿ ಯಂತ್ರದ ಕಡೆ ತಿರುಗಿ ನೋಡಿದ. "ಮೂರು," ಅಂದ.

ಅವರು ಹೋದ ಮೇಲೆ ಕೇಳಿದೆ, "ಮೂರರಲ್ಲಿ ಆಗುತ್ತೇನಪ್ಪ?"

"ಆಗಲ್ಲ ಅಕ್ಕ."

"ಹನ್ನೆರಡರಲ್ಲಿ?"

"ಅದೂ ಬಾಯಿಗೆ ಬಂದಿದ್ದು." ಆಗಲೇ ಯಂತ್ರದ ತಿರುಪು ಬಿಚ್ಚುತ್ತಿದ್ದ.

ಹೊರಗೆ ಧ್ವನಿವರ್ಧಕದಲ್ಲಿ ಹೊರಿಗುಚಿ ಕೂಗುತ್ತಿದ್ದ: "ಇನ್ನು ಮೂರೇ ವರ್ಷ! ನಿಮ್ಮ ನಿಮ್ಮ ಮನೆಗೆ!" ಚಪ್ಪಾಳೆ ಬಿತ್ತು. ಕಿಂಡಿಯ ಹತ್ತಿರವೇ ಒಬ್ಬ ಹೆಂಗಸು ಗಂಡನಿಗೆ ಹೇಳಿದಳು, "ಹಾಗಾದ್ರೆ ಹೊಸ ಒಲೆ ಬೇಡಾರೀ. ಹೇಗೋ ಹಳೇದ್ರಲ್ಲೇ ಸುಧಾರಿಸ್ತೀನಿ."

ಹೊಸ ಒಲೆ ತಗೊಂಡುಬಿಡಮ್ಮಾ ಅಂತ ಕಿಂಡಿಗೆ ಬಾಯಿಟ್ಟು ಕೂಗೋಣ ಅನ್ನಿಸಿತು. ಬಗ್ಗಿಯೂ ಬಗ್ಗಿದೆ. ಕುರಾಮೊಚಿ ನನ್ನನ್ನೇ ನೋಡುತ್ತಿದ್ದ.

ಕೂಗಲಿಲ್ಲ.