ಸೀಮೆಸುಣ್ಣದ ದೋಣಿ

ನೆಲದ ಮೇಲಿನ ಈ ಬಿಳಿ ಗೆರೆ ನಿಮಗೂ ಕಾಣುತ್ತಿದೆ, ಕಂಡೂ ಏಕೆ ಬಾಯಿ ಮುಚ್ಚಿ ಕುಳಿತಿದ್ದೀರಿ? — ಯಾರನ್ನು ಕೇಳುತ್ತಿದ್ದೇನೆ, ಇಪ್ಪತ್ತಾರು ವರ್ಷ ತರಗತಿಯ ಮುಂದೆ ನಿಂತವಳಿಗೆ ಮನಸ್ಸಿನೊಳಗೂ ಎದುರಿಗೆ ಬೆಂಚುಗಳೇ ಕಾಣುತ್ತವೆ, ಬಾಯಿ ಮುಚ್ಚಿ ಕುಳಿತವಳು ನಾನೇ, ಥಾನ್ಸೇಯಿ ಮೇಡಂ, ಮೊದಲನೆಯ ಸಾಲು, ಕಾಲ ಬಳಿಯೇ ಸೀಮೆಸುಣ್ಣದ ದೋಣಿಯ ಮೂತಿ, ನಿನ್ನೆ ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ, ಒದ್ದೆಯಲ್ಲಿ ಒರೆಸಿದ ಸುಣ್ಣ ಒಣಗಿದೊಡನೆ ಮತ್ತೆ ಮೂಡುತ್ತದೆ, ಒಂದನೆಯ ತರಗತಿಯ ಮಗುವಿಗೂ ಗೊತ್ತಿರುವ ಸಂಗತಿ — ಬೆಳಗಿನ ಪ್ರಾರ್ಥನೆ ಮುಗಿದಿದೆ, ಶಿಬಿರದ ನಿರ್ದೇಶಕರಾದ ಪು ಬಿಯಾಕ ಕನ್ನಡಕ ಏರಿಸಿಕೊಂಡು ಪಟ್ಟಿ ಓದುತ್ತಿದ್ದಾರೆ, ಅರುಣಾಚಲದ ಬೆಟ್ಟದ ಶಾಲೆಗಳಿಗೆ ಚರ್ಚಿನ ಮಿಷನ್ ಕಳಿಸುವವರು ಏಳು ಮಂದಿ, ತರಬೇತಿಗೆ ಬಂದವರು ಎಂಟು, ನನ್ನ ಹೆಸರು ಮೂರನೆಯದಾಗಿ ಬಂದುಹೋಯಿತು, ಛಂದಮಿಯ ಹೆಸರು ಬರುವುದಿಲ್ಲ, ಅವಳಿಗೆ ಆಗಲೇ ಹೇಳಿಬಿಟ್ಟಿದ್ದಾರೆ, ಹೊರಗೆ ಜಗಲಿಯಲ್ಲಿ ಚೀಲ ಕಟ್ಟಿಕೊಂಡು ಐಜ್ವಾಲಿಗೆ ಹೋಗುವ ಸುಮೋ ಜೀಪಿಗಾಗಿ ಕಾಯುತ್ತಿದ್ದಾಳೆ, ಕಿಟಕಿಯಲ್ಲಿ ಅವಳ ಹೆಗಲು ಮಾತ್ರ ಕಾಣುತ್ತದೆ, ಪಾದಗಳು ಕಾಣುವುದಿಲ್ಲ, ಕಾಣದಿದ್ದರೂ ಕಾಣುತ್ತವೆ, ಗೆರೆಯ ಆಚೆ ಜೋಡಿಸಿಟ್ಟ ಎರಡು ಬರಿಗಾಲು.

ಐದು ದಿನದಿಂದ ಆಟವೇ ಆಟ, ತಂಡ ಕಟ್ಟುವ ಆಟಗಳಂತೆ, ಕೈಗೆ ಕೈ ಹೆಣೆದು ಗಂಟು ಬಿಡಿಸುವುದು, ಹಿಂದಕ್ಕೆ ವಾಲಿ ಬಿದ್ದು ಹಿಡಿಸಿಕೊಳ್ಳುವುದು, ಪ್ರತಿ ಆಟಕ್ಕೂ ಅಂಕ, ಅಂಕವೆಲ್ಲ ನೇರ ಆಯ್ಕೆಯ ವರದಿಗೆ ಎಂದು ಪು ಬಿಯಾಕ ಮೊದಲ ದಿನವೇ ಹೇಳಿದ್ದರು — ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟದಲ್ಲಿ ನನ್ನ ಕೈ ಹಿಡಿದವಳು ಛಂದಮಿ, ಮೇಡಂ, ಇಲ್ಲಿ ಮೂರು ಮೆಟ್ಲು, ಕೊನೇದು ಒಡ್ದಿದೆ, ನನ್ ಭುಜ ಹಿಡ್ಕೊಳ್ಳಿ, ಹಿಂದಿನಿಂದ ನಮ್ಮ ತಂಡದವನೇ ಆದ ಜೋಸಾಂಗನ ಕುಚೋದ್ಯ, ಏಯ್ ಹುಷಾರು ಕಣೇ, ಮೇಡಂ ಬಿದ್ರೆ ಎತ್ತೋಕೆ ನಾಲ್ಕು ಜನ ಬೇಕು, ನಾವಿನ್ನೂ ತಿಂಡಿ ತಿಂದಿಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅವಳು ಮಾತ್ರ ನಗಲಿಲ್ಲ, ಮೆಟ್ಟಿಲು ಎಣಿಸುತ್ತಿದ್ದಳು — ಹೀಗೇ ಎಣಿಸುತ್ತಿದ್ದಳು ನಾಲ್ಕನೆಯ ತರಗತಿಯಲ್ಲಿ, ನನ್ನದೇ ವಿದ್ಯಾರ್ಥಿನಿ, ಶನಿವಾರ ಶಾಲೆ ಬಿಟ್ಟರೆ ತಾಯಿಯ ಜೊತೆ ಬೆನ್ನಿಗೆ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದಳು, ಹಿಡಿ ಅಕ್ಕಿ ಕೂಡಿಸಲು, ಪ್ರತಿ ಹೊತ್ತು ಅನ್ನಕ್ಕಿಡುವಾಗ ನಮ್ಮ ಹೆಂಗಸರು ಮಿಷನ್ನಿಗೆಂದು ತೆಗೆದಿಡುವ ಆ ಒಂದು ಹಿಡಿ, ಅದರಿಂದಲೇ ಈ ಕಟ್ಟಡ, ಈ ಕುರ್ಚಿ, ಈ ಶಿಬಿರದ ಊಟ — ಅಷ್ಟು ಅಕ್ಕಿ ಹೊತ್ತೆ ಮೇಡಂ, ಅದು ಎಲ್ಲಿಗೆ ಹೋಗುತ್ತೆ ಅಂತ ಒಂದ್ಸಲ ನಾನೇ ಹೋಗಿ ನೋಡ್ಬೇಕು, ಅಲ್ಲಿನ ಮಕ್ಕಳಿಗೆ ಪಾಠ ಹೇಳ್ಬೇಕು, ಅಷ್ಟೇ ಆಸೆ ಎಂದಿದ್ದಳು, ಅಷ್ಟೇ.

ಆಮೇಲೆ ದೋಣಿ. ಪು ಬಿಯಾಕ ತಾವೇ ಬಗ್ಗಿ ಗೆರೆ ಎಳೆದರು, ಎಂಟು ಜನರನ್ನೂ ಚಪ್ಪಲಿ ಬಿಡಿಸಿ ಒಳಗೆ ಕೂರಿಸಿದರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು, ನಡುವೆ ಒಂದು ಬಟ್ಟಲು ಅಕ್ಕಿ, ಹಿಡಿ ಅಕ್ಕಿಯ ಡಬ್ಬದಿಂದಲೇ ಅಳೆದು ತಂದದ್ದು, ಸುತ್ತ ಸಮುದ್ರ, ಅಕ್ಕಿ ಏಳೇ ಜನಕ್ಕೆ ಸಾಲುತ್ತೆ, ಒಬ್ಬರು ಇಳೀಬೇಕು, ನಾನು ಯಾಕೆ ಉಳೀಬೇಕು ಅಂತ ಪ್ರತಿಯೊಬ್ಬರೂ ವಾದ ಮಾಡಿ ಎಂದರು — ನಾನೇ ಉಳಿಯಬೇಕೆಂದು ನಮ್ಮಲ್ಲಿ ಯಾರು ಬಾಯಿಬಿಟ್ಟು ಹೇಳುತ್ತಾರೆ, ಹಾಗೆ ಹೇಳಿದವನ ಮನೆಯ ಸಾವಿಗೂ ನೆರೆಯವರು ಮನಸಾರೆ ಬರುವುದಿಲ್ಲ, ದೂರದ ಊರಿನಲ್ಲಿ ಕಲಿತ ಆಟವನ್ನು ಇವರು ಇಲ್ಲಿ ಆಡಿಸುತ್ತಿದ್ದಾರೆ, ಎಲ್ಲರೂ ತಲೆ ತಗ್ಗಿಸಿದೆವು, ಕಡೆಗೆ ಛಂದಮಿ ಎದ್ದಳು, ನೀವೆಲ್ಲ ಕೂತಿರಿ, ನಾನು ಇಳೀತೀನಿ. ಈ ಮಾತಿಗೆ ಒಂದು ಉತ್ತರವಿದೆ. ಅದನ್ನು ನಾನೇ ಕಲಿಸಿದ್ದೇನೆ, ಕಪ್ಪು ಹಲಗೆಯ ಮೇಲೆ ಬರೆದು ನಲವತ್ತು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ, ಒಬ್ಬರು ತಾನು ಬಿಟ್ಟುಕೊಡುತ್ತೇನೆ ಎಂದೊಡನೆ ಇನ್ನೊಬ್ಬರು ಉಸಿರು ತೆಗೆಯುವ ಮೊದಲು ಹೇಳಬೇಕು, ಬೇಡ, ನೀನು ಕೂತಿರು, ನಾನು ಇಳೀತೀನಿ, ಮೂರನೆಯವರು ಅವರನ್ನು ತಡೆಯಬೇಕು, ಹೀಗೆ ಎಲ್ಲರೂ ಇಳಿಯಲು ಜಗಳವಾಡಿದರೆ ಯಾರೂ ಇಳಿಯಬೇಕಾಗುವುದಿಲ್ಲ, ಇದು ನಮ್ಮ ಹಿರಿಯರ ಮರ್ಯಾದೆ ಮಕ್ಕಳೇ, ಬರೆದುಕೊಳ್ಳಿ — ಯಾರೂ ಹೇಳಲಿಲ್ಲ. ಏಳು ತಲೆಗಳಲ್ಲೂ ಅಂಕದ ಚೀಟಿ. ಜೋಸಾಂಗ ಉಗುರು ನೋಡಿಕೊಂಡ. ನನಗೆ ಐವತ್ತೊಂದು, ಇದು ನನ್ನ ಕೊನೆಯ ಅವಕಾಶ, ಮುಂದಿನ ವರ್ಷ ವಯಸ್ಸಿನ ಮಿತಿ ದಾಟುತ್ತದೆ, ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲಿನ ಹಿಂದೆ ಹಿಡಿದಿಟ್ಟೆ, ಅವಳು ನನ್ನತ್ತಲೇ ನೋಡಿದಳು, ಪಾಠ ಒಪ್ಪಿಸಿ ಮೇಡಂ ಮುಖ ನೋಡುವ ಮಗುವಿನ ಹಾಗೆ, ಆಮೇಲೆ ಗೆರೆ ತುಳಿಯದಂತೆ ಕಾಲೆತ್ತಿ ಆಚೆ ಇಟ್ಟಳು, ಒಂದು, ಎರಡು, ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡಳು, ಸಮುದ್ರದಲ್ಲಿ ನಿಂತಳು.

ಅವಳ ಚೀಟಿಯ ಮೇಲೆ ಪು ಬಿಯಾಕ ಬರೆದರು, ಆತ್ಮವಿಶ್ವಾಸವಿಲ್ಲ, ಸ್ವಂತ ತಂಡವೂ ಉಳಿಸಿಕೊಳ್ಳಲಿಲ್ಲ, ಸೇವಾಕ್ಷೇತ್ರಕ್ಕೆ ತಕ್ಕವಳಲ್ಲ. ಸುಳ್ಳೇನಲ್ಲ, ಎರಡನೆಯ ಮಾತು ನಿಜ, ಆ ನಿಜವನ್ನು ಬರೆಸಿದವಳು ನಾನು — ಪರರಿಗಾಗಿ ಪ್ರಾಣ ಕೊಟ್ಟವನ ಹೆಸರು ಹೇಳುತ್ತಾ ಹೊರಟವರು ನಾವು, ಅವನಂತೆ ನಡೆದವಳೊಬ್ಬಳನ್ನು ಹೊರಗಿಟ್ಟು ಏಳು ಮಂದಿ ಹೊರಟಿದ್ದೇವೆ, ಬೆಟ್ಟದ ಮಕ್ಕಳಿಗೆ ಏನು ಕಲಿಸಲಿದ್ದೇನೆ ನಾನು, ಯಾವ ಹಲಗೆಯ ಮೇಲೆ ಬರೆಯಲಿದ್ದೇನೆ — ಪಟ್ಟಿ ಮುಗಿಯಿತು, ಪು ಬಿಯಾಕ ತಲೆಯೆತ್ತಿದರು, ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ, ಥಾನ್ಸೇಯಿ ಮೇಡಂ, ನೀವು ಹಿರಿಯರು, ನೀವೇನಾದ್ರೂ, ಇಲ್ಲ ಎಂದು ನನ್ನ ತಲೆ ತಾನೇ ಅಲ್ಲಾಡಿತು, ನಾನು ಅಲ್ಲಾಡಿಸಲಿಲ್ಲ, ಅಲ್ಲಾಡಿತು, ಹೊರಗೆ ಸುಮೋದ ಹಾರನ್, ಒಂದು ಸಲ, ಇನ್ನೊಂದು ಸಲ, ಕಿಟಕಿಯಲ್ಲಿ ಹೆಗಲು ಎದ್ದಿತು, ಚೀಲ ಏರಿತು, ಗೆರೆ ನನ್ನ ಹೆಬ್ಬೆರಳಿನಿಂದ ನಾಲ್ಕೇ ಅಂಗುಲ, ಐದೇ ಐದು ಪದ, ಇನ್ನೂ ಹಲ್ಲಿನ ಹಿಂದೆ, ಗೆರೆಯ ಆಚೆ ಎರಡು ಬರಿಗಾಲು, ಬೆರಳು ಹಿಂದಕ್ಕೆಳೆದುಕೊಂಡ ಎರಡು ಕಾಲು, ನೀವು ಯಾರೇ ಆಗಿರಿ, ಎಲ್ಲೇ ಕುಳಿತಿರಿ, ನಿಮ್ಮ ಪಕ್ಕದಲ್ಲಿ ಯಾರೋ ಇಳಿಯಲು ಏಳುತ್ತಿದ್ದಾರೆ, ನನ್ನಂತೆ ನುಂಗಬೇಡಿ, ಅವಳು ಕಾಲೆತ್ತುವ ಮೊದಲು ಹೇಳಿ, ಬೇಡ, ನೀನು ಕೂತಿರು, ನಾನು ಇಳೀತೀನಿ, ಹೇಳಿ —